ತೆಗೆದುಬಿಡಿ

ಕನ್ನಡಿಯೊಳಗೆ ಕೂತಿದ್ದವನು ಬೇರೆ ಯಾರೋ ಗಿರಾಕಿ ಅಂದುಕೊಂಡ ಮಾದಸ್ವಾಮಿ. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನೀಲಿ ಬಟ್ಟೆ, ಅದರ ಮೇಲೊಂದು ತಲೆ, ಆ ತಲೆಯ ತುಂಬ ಕೂದಲಿಗಿಂತ ಚರ್ಮವೇ ಹೆಚ್ಚು. ಪಾಪ, ಯಾರ ಮನೆಯಲ್ಲೋ ಏನೋ ಆಗಿದೆ ಎಂದು ಅರೆನಿದ್ದೆಯಲ್ಲೇ ಅವನಿಗೆ ಕನಿಕರವೂ ಹುಟ್ಟಿತು. ಆ ಸಲೂನಿನಲ್ಲಿ ಇದ್ದದ್ದು ಒಂದೇ ಕುರ್ಚಿ ಅನ್ನುವುದು ಆಮೇಲೆ ನೆನಪಾಯಿತು. ಮೂಗಿನ ಕೆಳಗೆ ನೋಡಿದ. ಇಪ್ಪತ್ತನಾಲ್ಕು ವರ್ಷದಿಂದ ಮೀಸೆ ಇದ್ದ ಜಾಗ ಒದ್ದೆಯಾಗಿತ್ತು, ಮಿಕ್ಕ ಮುಖಕ್ಕಿಂತ ಒಂದು ಬಣ್ಣ ಬೆಳ್ಳಗಿತ್ತು. ಹಿಂದೆ ನಿಂತಿದ್ದ ಮೂರ್ತಿ, ಈ ಹೊಸ ಸಲೂನಿನ ಹುಡುಗುಮುಖದ ಯಜಮಾನ, ಬ್ಲೇಡನ್ನು ಪೇಪರಿಗೆ ಒರೆಸುತ್ತ, ನೋಡ್ಕೊಳ್ಳಿ ಅಣ್ಣ ಎಂದ. ಹಿಂದೆ ಮಿಷನ್ನು ಒಂಚೂರು ಜಾರಿತಂತೆ, ಆ ಕಡೆ ಸಮ ಮಾಡಲು ಹೋದರೆ ಈ ಕಡೆ ಹೆಚ್ಚಾಯಿತಂತೆ, ಈ ಕಡೆ ಸಮ ಮಾಡಿದರೆ ಆ ಕಡೆ. ಕೊನೆಗೆ ಎಲ್ಲ ಒಂದೇ ಲೆವೆಲ್ಲಿಗೆ ತಂದನಂತೆ. ಮಾದಸ್ವಾಮಿಗೆ ತಲೆಯ ಕತೆ ಬೇಕಾಗಿರಲಿಲ್ಲ. ಬಟ್ಟೆಯ ಅಡಿಯಿಂದ ಕೈ ತೆಗೆದು ತುಟಿಯ ಮೇಲೆ ಇಟ್ಟುಕೊಂಡ.

"ಇದ್ಯಾಕೆ ತಗ್ದೆ?"

"ನೀವೇ ಅಂದ್ರಲ್ಲಣ್ಣ. ಟ್ರಿಮ್ ಮಾಡ್ಲಾ, ಪೂರ್ತಿ ತಗೀಲಾ ಅಂತ ಕೇಳ್ದೆ. ತಗ್ದ್‌ಬುಡಿ ಅಂದ್ರಿ."

ಅಂದದ್ದು ನಿಜ. ಆದರೆ ಮೂರ್ತಿಗೆ ಅಂದದ್ದಲ್ಲ. ಕಿವಿಗೆ ಫೋನು ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಹನೂರಿನಲ್ಲಿದ್ದ ತಂಗಿ ರತ್ನಳಿಗೆ ಅಂದದ್ದು. ಅಪ್ಪನ ಮೂಗಿಗೆ ಹಾಕಿದ್ದ ಪೈಪಿನ ವಿಷಯ. ಲಕ್ವ ಹೊಡೆದು ಹದಿನೈದು ದಿನದಿಂದ ಅಪ್ಪನ ಹೊಟ್ಟೆಗೆ ಹೋಗುವುದೆಲ್ಲ ಆ ಪೈಪಿನಿಂದಲೇ. ನುಂಗುವ ಶಕ್ತಿ ಬಂದಿದ್ದರೆ ತೆಗೆಯಬಹುದು, ಬಂದಿಲ್ಲದಿದ್ದರೆ ಕುಡಿದದ್ದು ಎದೆಗೆ ಇಳಿದು ಜೀವಕ್ಕೇ ಬರುತ್ತೆ ಎಂದು ಡಾಕ್ಟರು ಹೇಳಿ, ನಿರ್ಧಾರವನ್ನು ಮನೆಯವರ ಮಡಿಲಿಗೆ ಹಾಕಿದ್ದರು. ಇವತ್ತು ಬೆಳಗ್ಗೆ ನರ್ಸ್ ಮೀನಾ ಮನೆಗೆ ಬಂದಿದ್ದಾಳೆ, ಅಪ್ಪ ಪೈಪನ್ನು ಕಿತ್ತುಕೊಳ್ಳೋಕೆ ಹೋಗ್ತಾನೆ, ಏನು ಮಾಡೋಣ ಅಣ್ಣ, ಮಗ ನೀನು, ನೀನೇ ಒಂದು ಮಾತು ಹೇಳು ಎಂದು ರತ್ನ ಕೇಳಿದ್ದಳು. ಹನ್ನೆರಡು ದಿನ ಆಸ್ಪತ್ರೆ ಬೆಂಚಿನ ಮೇಲೆ ಸರಿಯಾಗಿ ನಿದ್ದೆ ಮಾಡದವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದು ಒಂದೇ, ಯಾರೂ ಏನೂ ಕೇಳದೆ ಇರುವುದು. ತಗ್ದ್‌ಬುಡಿ ಅಂದ. ರತ್ನಳಿಗೂ ಮೀನಾಳಿಗೂ ಸೇರಿಸಿ ಬಹುವಚನದಲ್ಲಿ ಅಂದ. ಸಲೂನಿನವನಿಗಾಗಿದ್ದರೆ ತಗ್ದ್‌ಬುಡು ಅನ್ನುತ್ತಿದ್ದ. ಅಷ್ಟು ಮರ್ಯಾದೆ ಕೊಟ್ಟು ಮಾತಾಡಿದ ಗಿರಾಕಿ ಬೆಳಗ್ಗೆಯಿಂದ ಇವನೊಬ್ಬನೇ ಇರಬೇಕು, ಮೂರ್ತಿ ಕೂಡಲೆ ಮಾತು ನಡೆಸಿಕೊಟ್ಟಿದ್ದ.

ಈ ಸೀಮೆಯಲ್ಲಿ ಅಪ್ಪ ಬದುಕಿರುವ ಮಗ ಮೀಸೆ ತೆಗೆಸುವುದಿಲ್ಲ. ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಮುಡಿ ಕೊಟ್ಟರೂ ತಲೆ ಮಾತ್ರ ಬೋಳು, ಮೀಸೆಯನ್ನು ಮುಟ್ಟುವುದಿಲ್ಲ. ಎರಡೂ ಹೋಯಿತೆಂದರೆ ನೋಡಿದವರು ಬೇರೆ ಏನೂ ಕೇಳಬೇಕಾಗಿಲ್ಲ. ಮಾದಸ್ವಾಮಿ ಹತ್ತು ವರ್ಷದಿಂದ ತಲೆ ಕೊಡುತ್ತ ಬಂದ ದೇವರಾಜು ಮೀಸೆ ಹತ್ತಿರ ಕತ್ತರಿ ತರುವ ಮುಂಚೆ ಪ್ರತಿ ಸಲವೂ, ಅಪ್ಪ ಚೆನ್ನಾಗವ್ರಾ ಎಂದು ಕೇಳುತ್ತಿದ್ದ. ಎಷ್ಟು ವಿಶ್ವಾಸದ ಮನುಷ್ಯ ಅಂದುಕೊಳ್ಳುತ್ತಿದ್ದ ಇವನು. ಅದು ವಿಶ್ವಾಸವಲ್ಲ, ಕಸುಬಿನ ಪ್ರಶ್ನೆ ಎಂದು ಈಗ ಹೊಳೆಯಿತು. ಇವತ್ತು ಭಾನುವಾರ, ದೇವರಾಜು ಮಗಳಿಗೆ ಗಂಡು ನೋಡಲು ಹೋಗಿ ಅಂಗಡಿ ಮುಚ್ಚಿದ್ದ. ಹನೂರಿನ ಬಸ್ಸು ಹತ್ತಬೇಕಾದವನು ಈ ಹೊಸ ಸಲೂನಿಗೆ ನುಗ್ಗಿದ್ದ. ತಲೆ ಬೆಳೆದಿದ್ದರೆ ಅಪ್ಪ ಬಯ್ಯುತ್ತಾನೆ ಅನ್ನುವುದು ಒಂದು ನೆವ; ಅಪ್ಪನಿಗೆ ಈಗ ಬಯ್ಯುವಷ್ಟು ಬಾಯಿ ಎಲ್ಲಿದೆ? ನಿಜ ಏನೆಂದರೆ ಅವನಿಗೆ ಅಪ್ಪನ ಮುಖ ನೋಡುವುದನ್ನು ಒಂದು ಗಂಟೆ ಮುಂದಕ್ಕೆ ಹಾಕಬೇಕಾಗಿತ್ತು.

ನೀನು, ಅಪ್ಪ ಅವ್ರಾ ಅಂತ ಒಂದು ಮಾತು ಕೇಳಬಾರದಿತ್ತಾ ಎಂದು ಮೂರ್ತಿಯನ್ನು ಗದರಿದ. ದನಿ ಗದರಿಕೆಯಂತೆ ಬರಲಿಲ್ಲ. ಮೂರ್ತಿ ಅವನ ಮುಖವನ್ನು ಕನ್ನಡಿಯಲ್ಲಿ ನೋಡಿದ, ಕೈಯಲ್ಲಿದ್ದ ಸ್ಪ್ರೇ ಬಾಟ್ಲಿಯನ್ನು ಕೆಳಗಿಟ್ಟ.

"ಇನ್ನೂ ಅವ್ರಾ ಅಣ್ಣ? ಫೋನಲ್ಲಿ ಪೈಪು, ಡಾಕ್ಟ್ರು ಅಂತಿದ್ರಿ, ಕಣ್ ಮುಚ್ಕಂಡಿದ್ರಿ. ಆಗೋಯ್ತೇನೋ ಅನ್ಕಂಡೆ."

ಆಗಿಹೋಯಿತು ಅಂದುಕೊಳ್ಳುವಂತೆ ಕೇಳಿಸಿತೇ ತನ್ನ ದನಿ? ಬೀದಿಗೆ ಬಂದ ಮೇಲೂ ಅದೇ ಯೋಚನೆ. ಸತ್ತವರ ವಿಷಯ ಮಾತಾಡುವವನ ದನಿ ಬೇರೆ, ಇರುವವರ ವಿಷಯ ಮಾತಾಡುವವನ ದನಿ ಬೇರೆ. ಕಸುಬಿನವನ ಕಿವಿ ಅದನ್ನು ತಪ್ಪಾಗಿ ಹಿಡಿಯುತ್ತದೆಯೇ? ಆಸ್ಪತ್ರೆಯ ಬೆಂಚಿನ ಮೇಲೆ ಆರನೆಯ ದಿನವೋ ಏಳನೆಯ ದಿನವೋ ಅವನು ಒಂದು ಲೆಕ್ಕ ಹಾಕಿದ್ದ. ಶುಕ್ರವಾರದೊಳಗೆ ಆಗಿಬಿಟ್ಟರೆ ಶನಿವಾರ ಭಾನುವಾರ ಹೇಗೂ ರಜ, ತಿಥಿಯ ದಿನಕ್ಕೆ ಬೇಕಾಗುವ ರಜೆ ಉಳಿಯುತ್ತೆ. ಬೇಕೆಂದು ಯೋಚಿಸಿದ್ದಲ್ಲ, ಬಸ್ಸಿನ ಟೈಮು ಯೋಚಿಸಿದ ಹಾಗೆ ತಾನಾಗಿ ಬಂದುಹೋದದ್ದು. ಬಂದದ್ದಕ್ಕೆ ಬೆವೆತು ಎದ್ದುಹೋಗಿ ಅಪ್ಪನ ಕಾಲು ಒತ್ತಿದ್ದ. ಗುರುವಾರ ಡಿಸ್ಚಾರ್ಜ್ ಆದಾಗ ಅಪ್ಪನನ್ನು ಕೊಳ್ಳೇಗಾಲದ ತನ್ನ ಮನೆಗೆ ಕರೆದುಕೊಂಡು ಹೋಗದೆ ರತ್ನಳ ಮನೆಗೆ ಸಾಗಿಸಿದ್ದಕ್ಕೂ ಕಾರಣ ಇತ್ತು, ಬಾಡಿಗೆ ಮನೆ ಮಹಡಿ ಮೇಲೆ, ಹದಿನಾಲ್ಕು ಮೆಟ್ಟಿಲು. ಆ ಹದಿನಾಲ್ಕು ಮೆಟ್ಟಿಲನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದನೋ. ಹೆಂಡತಿ ಕೋಮಲ ಮಾತ್ರ, ನಾಕು ಜನ ಹಿಡಿದುಕೊಂಡರೆ ಮಂಚವೇ ಹತ್ತುತ್ತೆ, ಮಾವನವರು ಹತ್ತಲ್ವಾ ಎಂದು ಕೇಳಿದ್ದಳು. ಈಗ ಅವಳಿಗೆ ಈ ಮುಖ ತೋರಿಸುವ ಧೈರ್ಯ ಇರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಒಂದು ಮಾಸ್ಕ್ ಕೊಂಡು ಹಾಕಿಕೊಂಡ. ಅಂಗಡಿಯವನು ಅವನ ತಲೆಯನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದಂತೆ ಕಂಡಿತು.

ರತ್ನಳಿಗೆ ಫೋನು ಮಾಡಿದ. ಪೈಪು ತೆಗೆಯಬೇಡಿ, ನಾನು ಬರುವವರೆಗೆ ಇರಲಿ ಎಂದು ಹೇಳಬೇಕಾಗಿತ್ತು. ಅವನು ಬಾಯಿ ಬಿಡುವ ಮುಂಚೆ ಅವಳೇ ಹೇಳಿದಳು: ಅವನು ಹೇಳಿದ ಐದು ನಿಮಿಷಕ್ಕೇ ಮೀನಾ ತೆಗೆದುಹಾಕಿ ಹೋಗಿದ್ದಳು. ಅಪ್ಪ ಕೂತಿದ್ದಾನೆ, ನೀರು ಕೇಳುತ್ತಿದ್ದಾನೆ, ಕೊಡಲು ತನಗೆ ಕೈ ಬರುತ್ತಿಲ್ಲ.

"ನೀನೇ ತಾನೆ ತಗೀರಿ ಅಂದಿದ್ದು. ಮೊದುಲ್ನೆ ಚಮಚ ನೀನೇ ಬಂದು ಕುಡುಸು ಅಣ್ಣ. ನೀನ್ ಬರಗಂಟ ನಾನ್ ಕುಡ್ಸಕಿಲ್ಲ."

ಮೀಸೆ ಹೋದ ಐದು ನಿಮಿಷಕ್ಕೇ ಪೈಪೂ ಹೋಗಿದೆ. ಅಥವಾ ಪೈಪು ಹೋದ ಹೊತ್ತಿಗೇ ಮೀಸೆ ಹೋಯಿತೇ? ಯಾವುದು ಮೊದಲು? ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾದಸ್ವಾಮಿ ಅದನ್ನೇ ಗುಣಿಸುತ್ತಿದ್ದ, ಉತ್ತರ ಸಿಕ್ಕರೆ ಏನಾದರೂ ಉಳಿದೀತು ಅನ್ನುವಂತೆ. ಬೆಟ್ಟದಿಂದ ಇಳಿದು ಬಂದ ಬಸ್ಸಿನಿಂದ ಗಂಧ ಬಳಿದ ಬೋಳುತಲೆಗಳು ಇಳಿದವು. ಒಬ್ಬೊಬ್ಬರ ಮೀಸೆಯನ್ನೂ ನೋಡಿದ. ಅಪ್ಪ ಇದ್ದವರು, ಅಪ್ಪ ಇಲ್ಲದವರು ಎಂದು ಮನಸ್ಸು ಬೇಡವೆಂದರೂ ವಿಂಗಡಿಸಿತು. ನಾಳೆ ಸೋಮವಾರ ಯಳಂದೂರಿನಲ್ಲಿ ಅವನ ಪಾಳಿ, ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬಿಲ್ ಹರಿದು ಕೊಡುವ ಕೆಲಸ. ಇನ್ನೂರು ಬಾಗಿಲು. ಒಂದೊಂದು ಬಾಗಿಲಲ್ಲೂ ಒಂದು ಮುಖ ಹೊರಬಂದು ಇವನ ಮುಖ ನೋಡುತ್ತದೆ, ಇನ್ನೂರು ಬಾಯಿ ಅಯ್ಯೋ ಅನ್ನುತ್ತವೆ. ಅಷ್ಟು ಜನ ಅಯ್ಯೋ ಅಂದ ಮೇಲೆ ಬದುಕಿರುವುದಕ್ಕೆ ಯಾರಿಗೆ ಸಾಧ್ಯ ಎಂದು ಅವನಿಗೆ ಭಯವಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಣ್ಣು ಮುಚ್ಚಿದರೆ ಆರು ವರ್ಷದ ತಾನು ರಾಗಿ ಮೂಟೆಯ ಹಿಂದೆ ಕೂತಿದ್ದ. ಧನಗೆರೆಯ ಮನೆ, ತಾತ ಹೋದ ದಿನ. ಕೆರೆಯಿಂದ ಒದ್ದೆಬಟ್ಟೆಯಲ್ಲಿ ಬಂದ ಗಂಡಸು ಅಪ್ಪನ ದನಿಯಲ್ಲಿ ಅವನನ್ನು ಕರೆಯುತ್ತಿದ್ದ, ಆದರೆ ಆ ಮುಖ ಅಪ್ಪನದಲ್ಲ. ಮೂಗಿನ ಕೆಳಗೆ ಏನೂ ಇಲ್ಲದೆ ಬಾಯಿ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಅಪ್ಪನನ್ನೂ ಸುಟ್ಟು ಯಾರನ್ನೋ ಕಳಿಸಿದ್ದಾರೆ ಎಂದು ಅವನು ಕಿರುಚಿಕೊಂಡಿದ್ದ. ಆ ಗಂಡಸು ಮೂಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವನ ಕೈ ಹಿಡಿದೆಳೆದು, ತುಟಿಯ ಮೇಲೆ ಇಟ್ಟುಕೊಂಡು, ಮುಟ್ನೋಡ್ಲಾ ಮಗ, ಬತ್ತದೆ, ಇಲ್ಲೇ ಅದೆ ಅಂದಿದ್ದ. ಮೂರನೆಯ ದಿನಕ್ಕೆ ಬೆರಳಿಗೆ ಸಣ್ಣಗೆ ಚುಚ್ಚಿತ್ತು. ಅವತ್ತು ಅಪ್ಪ ಅಪ್ಪನಾದ. ಬಸ್ಸು ಕಾಮಗೆರೆಯಲ್ಲಿ ನಿಂತಿತು. ಯಾರೋ ಪಕ್ಕದಲ್ಲಿ ಕೂತರು, ವಿಭೂತಿಯ ವಾಸನೆ ಬಂತು.

"ನೀನು ದೊಡ್ಡಮಾದಯ್ಯನ ಮಗ ಅಲ್ವಾ?"

ಧನಗೆರೆಯ ಬಸವಣ್ಣನವರು. ಅಪ್ಪ ಮೂವತ್ತು ವರ್ಷ ಇವರ ಗದ್ದೆಯಲ್ಲೇ ದುಡಿದವನು. ಮಾಸ್ಕ್ ಹಾಕಿಕೊಂಡು ಇಂಥ ಹಿರಿಯರ ಹತ್ತಿರ ಮಾತಾಡುವುದು ಹೇಗೆ? ಕೈ ತಾನಾಗಿ ಮೇಲೆ ಹೋಗಿ ಮಾಸ್ಕನ್ನು ಗದ್ದಕ್ಕೆ ಇಳಿಸಿತು. ಬಸವಣ್ಣನವರು ನೋಡಿದರು. ನೋಡಿದ್ದು ಅರ್ಧ ನಿಮಿಷವೂ ಇರಲಾರದು. ಆಮೇಲೆ ಇವನ ಮೊಣಕೈ ಮೇಲೆ ಕೈ ಇಟ್ಟರು. ಹುಟ್ಟಿದಾಗಿನಿಂದ ಅವರು ಇವನನ್ನು ಮುಟ್ಟಿದ್ದು ಅದೇ ಮೊದಲು.

"ಯಾವಾಗಪ್ಪ?"

ಅವರು ಏನು ಕೇಳುತ್ತಿದ್ದಾರೆಂದು ಮಾದಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲ ಸಾ, ಅಪ್ಪ ಅವ್ನೆ, ಇದು ಸಲೂನಿನವನ ತಪ್ಪು ಎಂದು ಹೇಳಿದರೆ ಆಗುತ್ತಿತ್ತು, ಆರೇಳು ಮಾತು. ಆದರೆ ಆಗ ಕತೆ ಎಲ್ಲ ಹೇಳಬೇಕು, ಫೋನು, ಪೈಪು, ತಗ್ದ್‌ಬುಡಿ ಅಂದದ್ದು. ಮೊಣಕೈ ಮೇಲಿನ ಆ ಕೈಯನ್ನು ಅವರು ಹಿಂದಕ್ಕೆ ತೆಗೆಯಬೇಕಾಗುತ್ತದೆ, ಅವರಿಗೆ ಅವಮಾನ. ಅವರ ಮನೆಯ ಜಗಲಿಯ ಕೆಳಗೆ ನಿಂತ ಅಪ್ಪ ಅವರಿಗೆ ಇಲ್ಲ ಅಂದದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಇವನ ಬಾಯಿಗೂ ಇಲ್ಲ ಅನ್ನುವ ಮಾತು ಬರಲಿಲ್ಲ. ಗುರುವಾರ ಅಂದ. ಅಪ್ಪನನ್ನು ಹನೂರಿಗೆ ಸಾಗಿಸಿದ್ದು ಗುರುವಾರ, ತಾನು ಸುಳ್ಳು ಹೇಳಿಲ್ಲ ಎಂದು ಒಳಗೇ ಒಂದು ದನಿ ವಕೀಲಿ ಮಾಡಿತು. ಊರಿಗೆ ಒಂದು ಮಾತು ಹೇಳಿಕಳಿಸಬಾರದಿತ್ತೇ, ಮೂರನೇ ದಿನಕ್ಕೇ ಎಲ್ಲ ಮಾಡಿಬಿಟ್ಟಿರಾ ಎಂದು ಬಸವಣ್ಣನವರು ಬೇಸರಪಟ್ಟರು. ಮಾದಸ್ವಾಮಿ ಊಂ ಎಂದ. ಒಳ್ಳೇ ಆಳು, ಅಂಥ ಕೈ ಈಗ ಎಲ್ಲಿ ಬರ್ಬೇಕು ಅಂದರು. ಅದಕ್ಕೂ ಊಂ ಎಂದ.

ಬಸವಣ್ಣನವರು ಜೇಬಿನಿಂದ ಫೋನು ತೆಗೆದರು. ಬಸ್ಸಿನ ಸದ್ದಿಗೆ ಗಟ್ಟಿಯಾಗಿ ಮಾತಾಡಬೇಕಾಯಿತು.

"ಲೇ, ದೊಡ್ಡಮಾದಯ್ಯ ಓಗ್ಬುಟ್ನಂತೆ ಕಣ್ಲಾ. ಊಂ, ಗುರ್ವಾರ. ಮಗ ಪಕ್ಕದಲ್ಲೇ ಕೂತವ್ನೆ."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಕಂಡಕ್ಟರೂ ನೋಡಿದ. ಈ ಮಾತನ್ನು ಕಿಟಕಿಯಿಂದ ಕೈ ಚಾಚಿ ಹಿಡಿದುಕೊಳ್ಳುವ ಹಾಗಿದ್ದರೆ ಮಾದಸ್ವಾಮಿ ಹಿಡಿದುಕೊಳ್ಳುತ್ತಿದ್ದ. ಅದು ಆಗಲೇ ಧನಗೆರೆ ತಲುಪಿ ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಬೆಳಗ್ಗೆಯಿಂದ ಎಷ್ಟು ಸಲ ಊಂ ಅಂದೆ ಎಂದು ಯೋಚಿಸಿದ. ಎರಡು ಸಲ ಊಂ, ಒಂದು ಸಲ ಗುರುವಾರ, ಒಂದು ಸಲ ತಗ್ದ್‌ಬುಡಿ. ಅಪ್ಪನ ಕಡೆಯಿಂದ ಒಂದು ಮಾತೂ ಇಲ್ಲದೆ ಅಪ್ಪನನ್ನು ಕಳಿಸಿಕೊಟ್ಟಿದ್ದೆಲ್ಲ ಇಷ್ಟರಲ್ಲೇ ಮುಗಿದಿತ್ತು. ಉಳಿದಿರುವುದು ಒಂದೇ ಕೆಲಸ, ಆ ಚಮಚ. ಸಾಯುವವನ ಬಾಯಿಗೆ ಮಗ ನೀರು ಬಿಡಬೇಕು. ಬೋಳುತಲೆ, ಬೋಳು ತುಟಿ, ಎಲ್ಲ ಮೊದಲೇ ತಯಾರು ಮಾಡಿಕೊಂಡು ಅದಕ್ಕೇ ತಾನು ಹೋಗುತ್ತಿರುವುದು ಅನ್ನಿಸಿತು. ಹನೂರಿನಲ್ಲಿ ಇಳಿಯುವಾಗ ಬಸವಣ್ಣನವರು ಧೈರ್ಯವಾಗಿರು ಅಂದರು. ಅವರು ಅದೇ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗುವವರು, ಅಪ್ಪನ ಹೆಸರಲ್ಲಿ ಒಂದು ಪೂಜೆ ಮಾಡಿಸುವುದಾಗಿಯೂ ಹೇಳಿದರು.

ರತ್ನಳ ಮನೆಗೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಅವನಿಗೆ ಅರ್ಧ ಗಂಟೆ ಹಿಡಿಯಿತು. ಎರಡು ಸಲ ಸಂತೆಮಾಳದ ಕಡೆಗೆ ತಿರುಗಿ ಮತ್ತೆ ಬಂದ. ಬಾಗಿಲಲ್ಲಿ ನಿಂತು ಮಾಸ್ಕ್ ತೆಗೆದ. ರತ್ನ ಒಳಗಿನಿಂದ ಬಂದವಳು ಅಣ್ಣನ ಮುಖ ನೋಡಿದಳು, ತಟ್ಟನೆ ಹಿಂದಕ್ಕೆ ತಿರುಗಿ ಒಳಗಿನ ಮಂಚವನ್ನು ನೋಡಿದಳು. ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡಿದಳು. ಒಂದು ಗಂಟೆಯಿಂದ ಅದೇ ಕೋಣೆಯಲ್ಲಿ ಅಪ್ಪನ ಎದುರೇ ಕೂತಿದ್ದವಳು, ಅಣ್ಣನ ತುಟಿ ನೋಡಿ ತನ್ನ ಕಣ್ಣನ್ನೇ ನಂಬದೆ ಹೋದಳು. ಸಲೂನಿನವನು ತಪ್ಪಾಗಿ ತೆಗೆದ ಎಂದು ಮಾದಸ್ವಾಮಿ ಹೇಳುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಧನಗೆರೆಯಿಂದ. ಅವಳು ಅಲ್ಲೇ ನಿಂತು ಕೇಳಿಸಿಕೊಂಡಳು, ಮುಖ ಬಿಳುಚಿಕೊಂಡಿತು, ಯಾರು ಹೇಳಿದ್ದು, ಯಾವ ಬಾಯಲ್ಲಿ ಹೇಳಿದರು ಎಂದು ಕೇಳುತ್ತ ಬೀದಿಗೆ ಇಳಿದಳು. ಇವನು ತಲೆ ಎತ್ತಲಿಲ್ಲ.

ಒಳಗೆ ಅಪ್ಪ ಗೋಡೆಗೆ ಎರಡು ದಿಂಬು ಕೊಟ್ಟು ಕೂತಿದ್ದ. ಮೂಗಿನ ಪಕ್ಕ ಪ್ಲಾಸ್ಟರು ಅಂಟಿಸಿದ್ದ ಜಾಗ ಕೆಂಪಗಿತ್ತು. ಪೈಪಿಲ್ಲದ ಅಪ್ಪನ ಮುಖ ಎಷ್ಟು ಸಣ್ಣದಾಗಿಬಿಟ್ಟಿದೆ. ಬಲಗಡೆ ತುಟಿ ಜೋತಿತ್ತು, ಅದರ ಮೇಲೆ ಬಿಳಿ ಮೀಸೆ ಹಾಗೇ ಇತ್ತು. ಸ್ಟೂಲಿನ ಮೇಲೆ ಒಂದು ಲೋಟ ನೀರು, ಒಂದು ಚಮಚ. ಮಾದಸ್ವಾಮಿ ಮಂಚದ ಅಂಚಿನಲ್ಲಿ ಕೂತ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ, ಗುರುತು ಹತ್ತಿತೋ ಇಲ್ಲವೋ. ಆಡುವ ಎಡಗೈ ಮೆಲ್ಲಗೆ ಎದ್ದು ಬಂತು, ಗದ್ದ ಮುಟ್ಟಿತು, ಕೆನ್ನೆ ಮುಟ್ಟಿತು, ತುಟಿಯ ಮೇಲೆ ನಿಂತಿತು. ಒಂದು ಬೆರಳು ಆ ಕಡೆಯಿಂದ ಈ ಕಡೆಗೆ ಹೋಯಿತು, ಮತ್ತೆ ಈ ಕಡೆಯಿಂದ ಆ ಕಡೆಗೆ.

"ಯಾವಾಗ್ಲಾ?" ಅಂದ ಅಪ್ಪ. ಮಾತು ತೊದಲಿತ್ತು, ಆದರೆ ತಪ್ಪಾಗಿ ಕೇಳಿಸಿಕೊಳ್ಳುವಂತೆ ಇರಲಿಲ್ಲ. ತನ್ನದೇ ವಿಷಯ, ತನಗೆ ತಿಳಿಸದೆ ಮುಗಿಸಿಬಿಟ್ಟಿದ್ದಾರೆ ಅನ್ನುವ ಹಾಗೆ ಕೇಳಿದ. ಸಿಟ್ಟಿಲ್ಲ, ಬರೀ ಸೋಜಿಗ.

ಬಸ್ಸಿನಲ್ಲಿ ಬಾಯಿಗೆ ಬಾರದಿದ್ದ ಮಾತು ಆಗ ಬಂತು. "ಇಲ್ಲ ಅಪ್ಪ. ಆಗಿಲ್ಲ. ನೀನು ಇದ್ದೀಯ." ಇಷ್ಟು ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ನಾನೇ ತಗೀರಿ ಅಂದೆ ಅಪ್ಪ ಎಂದ. ಏನ್ನ ಎಂದು ಅಪ್ಪ ಕೇಳಿದ. ಯಾವುದನ್ನು ಎಂದು ಬೇರೆ ಮಾಡಿ ಹೇಳಲು ಇವನಿಗೆ ಆಗಲಿಲ್ಲ. ಎರಡನ್ನೂ ಎಂದ. ಅಳು ಬಂದು ಮೂಗು ಸೋರಿತು, ಮೀಸೆ ಇಲ್ಲದ ತುಟಿಯ ಮೇಲೆ ತಣ್ಣಗೆ ಇಳಿಯಿತು.

 ಪೈಪು ಮೂಗ್ನ ಬಲೇ ಉರುಸ್ತಿತ್ತು, ತಗ್ಸಿದ್ದು ಒಳ್ಳೇದಾಯ್ತು, ನೀರ್ ಕೊಡು ಅಂದ ಅಪ್ಪ.

ಮೀನಾ ರತ್ನಳಿಗೆ ಹೇಳಿಹೋದದ್ದನ್ನು ರತ್ನ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಗೋಡೆಗೆ ಸಿಕ್ಕಿಸಿದ್ದಳು. ನೆಟ್ಟಗೆ ಕೂರಿಸಬೇಕು. ಗದ್ದ ಕೆಳಗಿರಬೇಕು. ಅರ್ಧ ಚಮಚ. ಕೆಮ್ಮು ಬಂದರೆ ನಿಲ್ಲಿಸಬೇಕು. ಮಾದಸ್ವಾಮಿ ಎರಡು ಸಲ ಓದಿಕೊಂಡ. ಮೀಟರಿನ ಅಂಕಿ ಓದುವ ಕಣ್ಣಿಗೆ ಅಕ್ಷರ ಕದಡುತ್ತಿತ್ತು. ಚಮಚ ತುಂಬಿಕೊಂಡರೆ ದಾರಿಯಲ್ಲೇ ಅರ್ಧ ಅಪ್ಪನ ಎದೆಗೆ ಚೆಲ್ಲಿತು. ಉಳಿದದ್ದನ್ನು ಬಾಯಿಗೆ ಬಿಟ್ಟ. ಬೀದಿಯಿಂದ ರತ್ನಳ ದನಿ ಕೇಳುತ್ತಿತ್ತು, ಬರ್ಬ್ಯಾಡಿ, ಊವಿನ ಆರ ತರ್ಬ್ಯಾಡಿ, ಅಪ್ಪ ಅವ್ನೆ ಕನ ಎಂದು ಯಾರಿಗೋ ಹೇಳುತ್ತಿದ್ದಳು. ನೀರು ಅಪ್ಪನ ಬಾಯಲ್ಲಿ ನಿಂತಿತ್ತು. ಅಪ್ಪನ ಕಣ್ಣು ಮಗನ ಮೇಲಿತ್ತು. ಗಂಟಲಮಣಿ ಅಲ್ಲಾಡಲಿಲ್ಲ. ಆಮೇಲೆ ಮೇಲಕ್ಕೆ ಹೋಯಿತು, ಮೇಲೇ ನಿಂತಿತು. ಮಾದಸ್ವಾಮಿ ಅಪ್ಪನ ಬದಲು ತಾನೇ ನುಂಗುವವನಂತೆ ಉಗುಳು ನುಂಗಿದ. ಮಣಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ.

ಇನ್ನೊಂದು ಎಂದು ಅಪ್ಪ ಬಾಯಿ ತೆರೆದ. ಇನ್ನೊಂದು, ಮತ್ತೊಂದು. ಐದನೆಯದಕ್ಕೆ ಸಾಕು ಅನ್ನುವಂತೆ ಎಡಗೈ ಅಡ್ಡ ಹಿಡಿದ. ಆ ಕೈ ಕೆಳಗಿಳಿಯದೆ ಮತ್ತೊಮ್ಮೆ ಮಗನ ತುಟಿಯ ಮೇಲೆ ಬಂತು, ಏನನ್ನೋ ಹುಡುಕಿತು.

"ಅದು ಬತ್ತದೆ," ಅಂದ ಅಪ್ಪ. "ಅದು ಬರಗಂಟ ಎಲ್ಗೂ ಓಗಕಿಲ್ಲ ಬುಡು ನಾನು."

ಹೇಳಿ ಕಣ್ಣು ಮುಚ್ಚಿದ. ಎದೆ ಏರಿ ಇಳಿಯುತ್ತಿತ್ತು. ಮಾದಸ್ವಾಮಿ ಲೋಟ ತೊಳೆಯಲು ಹಿತ್ತಿಲ ನಲ್ಲಿಗೆ ಬಂದ. ಬೆಳಗ್ಗೆಯಿಂದ ಮೊದಲ ಸಲ ಮೈ ಹಗುರವಾಗಿತ್ತು. ನೀರು ಚಿಮುಕಿಸಿಕೊಂಡು ಮುಖ ಒರೆಸಿದ. ಅಂಗೈಗೆ ಏನೋ ಸಣ್ಣಗೆ ತಗುಲಿತು. ಬೆರಳಿಟ್ಟು ನೋಡಿದ. ಬೆಳಗ್ಗೆ ನುಣ್ಣಗಿದ್ದ ಜಾಗದಲ್ಲಿ ಆಗಲೇ ಚುಚ್ಚುತ್ತಿತ್ತು.